ವರ್ಷದ ಮರಿಗಳು ಬರುವ ದಿನ

ಹೋರೇಸ್ ಬಿಟ್ಟುಹೋದಾಗ ಅರ್ಡೆಲಿಯಾ ಅಕ್ಕ ಅಳಲಿಲ್ಲ. ಮೂವತ್ತೊಂದು ವರ್ಷ ಸಂಸಾರ ಮಾಡಿದ ಗಂಡ ಕೆರೆಯ ಆಚೆ ದಡದಲ್ಲಿ ವರ್ನೀಸ್ ಎಂಬ ಹೆಂಗಸಿನ ಮನೆ ಸೇರಿಕೊಂಡ ಅಂತ ಗೊತ್ತಾದ ದಿನವೂ ಅವಳು ಕೊಲಾರ್ಡ್ ಸೊಪ್ಪು ಬೇಯಿಸಿ, ಒಬ್ಬಳೇ ಕೂತು ಉಂಡು, ಪಾತ್ರೆ ತೊಳೆದಿಟ್ಟಳು. ಅವಳು ಅತ್ತಿದ್ದು ಜನವರಿಯಲ್ಲಿ, ಅವನು ಹಕ್ಕಿಯ ಕಂಬ ಕಿತ್ತುಕೊಂಡು ಹೋದಾಗ.

ನಾನು ಓಬಿ. ಅಲಬಾಮಾದ ಆ ಮೂಲೆಯಲ್ಲಿ ಹತ್ತೊಂಬತ್ತು ವರ್ಷ ಟಪಾಲು ಹಂಚಿದವನು. ಕೆರೆಯನ್ನು ಸುತ್ತುವ ಕೆಮ್ಮಣ್ಣಿನ ರಸ್ತೆಯಲ್ಲಿ ಮೊದಲು ಅಕ್ಕನ ಟಪಾಲು ಪೆಟ್ಟಿಗೆ, ಅರ್ಧ ಮೈಲಿ ಬಿಟ್ಟು ವರ್ನೀಸಳದ್ದು. ಎರಡೂ ಅಂಗಳಗಳನ್ನು ದಿನವೂ ನೋಡುವ ಭಾಗ್ಯವೋ ದೌರ್ಭಾಗ್ಯವೋ ನನಗೊಬ್ಬನಿಗೇ ಇತ್ತು. ನಾನು ಅವಳ ಬಂಧುವಲ್ಲ. ಆದರೆ ನಮ್ಮ ಚರ್ಚಿನಲ್ಲಿ ದೊಡ್ಡವರೆಲ್ಲ ಅಕ್ಕ, ಅಣ್ಣ. ಅವಳು ಹಾಡಿನ ಸಾಲಿನ ಮುಂದೆ ನಿಲ್ಲುವವಳಾದ್ದರಿಂದ ಇನ್ನೂ ಸ್ವಲ್ಪ ಹೆಚ್ಚಿನ ಅಕ್ಕ.

ಆ ಕಂಬ ಅವಳ ಅಪ್ಪ ಅಮೋಸ್ ನೆಟ್ಟಿದ್ದು. ಸೀಡರ್ ಮರದ ಕಂಬ, ಮೇಲೆ ಅಡ್ಡಪಟ್ಟಿಗಳು, ಅವುಗಳಿಗೆ ತೂಗುಹಾಕಿದ ಇಪ್ಪತ್ತನಾಲ್ಕು ಸೋರೆಬುರುಡೆ. ಪ್ರತಿ ಬುರುಡೆಗೂ ಸುಣ್ಣ ಬಳಿದು, ಹೊಟ್ಟೆಯಲ್ಲಿ ಒಂದು ಗುಂಡನೆಯ ತೂತು. ವರ್ಷವರ್ಷವೂ ಮಾರ್ಟಿನ್ ಹಕ್ಕಿಗಳು ಸಮುದ್ರ ದಾಟಿ ಬಂದು ಅದರಲ್ಲೇ ಮರಿ ಮಾಡುತ್ತಿದ್ದವು. ಅವು ಇದ್ದ ಅಂಗಳಕ್ಕೆ ಗಿಡುಗ ಇಳಿಯುವುದಿಲ್ಲ, ಕೋಳಿಮರಿ ಕ್ಷೇಮ. ನಮ್ಮ ಕಡೆ ಎಲ್ಲರ ಮನೆಯಲ್ಲೂ ಮೊದಲು ಇದ್ದವು. ನಮ್ಮ ಕಾಲಕ್ಕೆ ಸುತ್ತ ಹತ್ತು ಮೈಲಿಯಲ್ಲಿ ಉಳಿದಿದ್ದು ಅಕ್ಕನ ಕಂಬ ಒಂದೇ.

ಅವಳು ತಂಗಿಯನ್ನು ನೋಡಲು ಮೊಬೀಲ್ ಪಟ್ಟಣಕ್ಕೆ ಹೋಗಿದ್ದ ಎರಡು ದಿನದಲ್ಲಿ ಹೋರೇಸ್ ಟ್ರಕ್ಕು ತಂದು ಕಂಬ, ಪಟ್ಟಿ, ಬುರುಡೆ ಎಲ್ಲ ಹೇರಿಕೊಂಡು ಹೋದ. ಕಂಬದ ಬುಡಕ್ಕೆ ಸುತ್ತುವ ತಗಡು ಮಾತ್ರ ಉಳಿಯಿತು. ಹಾವು ಹತ್ತದ ಹಾಗೆ ಅದಕ್ಕೆ ಗ್ರೀಸ್ ಹಚ್ಚಿ ಕಟ್ಟುವುದು ಪ್ರತಿ ಫೆಬ್ರವರಿ ಅಕ್ಕನ ಕೆಲಸ. ಚಳಿಗಾಲದಲ್ಲಿ ಬಿಚ್ಚಿ ಕೊಟ್ಟಿಗೆಯಲ್ಲಿ ಇಟ್ಟಿರುತ್ತಿದ್ದಳು. ಹೋರೇಸನಿಗೆ ಅಂಥದ್ದೊಂದು ಇದೆ ಅನ್ನುವುದೂ ತಿಳಿದಿರಲಿಲ್ಲ.

ನಾನು ಪೆಟ್ಟಿಗೆಯ ಹತ್ತಿರ ಕಾರು ನಿಲ್ಲಿಸಿದಾಗ ಅವಳು ಕಂಬದ ಗುಂಡಿಯ ಪಕ್ಕ ನಿಂತು ಬಾಯಿಗೆ ಸೆರಗಿನ ಹಾಗೆ ಏಪ್ರನ್ ಒತ್ತಿಕೊಂಡು ಅಳುತ್ತಿದ್ದಳು.

"ಶೆರಿಫ್‌ಗೆ ಹೇಳೋಣ ಅಕ್ಕ," ಅಂದೆ.

"ಏನಂತ ಹೇಳ್ತೀಯ? ಬುರುಡೆ ಕದ್ದ ಅಂತಲಾ? ನಗ್ತಾರೆ ಕಣೋ." ಮೂಗು ಒರೆಸಿಕೊಂಡಳು. "ಹಕ್ಕಿ ಇನ್ನೂ ಬಂದಿಲ್ಲ. ಬರ್ಲಿ, ನೋಡೋಣ."

ಫೆಬ್ರವರಿ ಹನ್ನೊಂದಕ್ಕೆ ಬಂದವು. ಮೂರು ಹಳೇ ಗಂಡು, ಮೈಯೆಲ್ಲ ನೇರಳೆಹಣ್ಣಿನ ಬಣ್ಣ. ಬಂದವು ಅವಳ ಅಂಗಳಕ್ಕೇ. ಕಂಬವಿದ್ದ ಜಾಗದ ಮೇಲೆ, ಬುರುಡೆಗಳು ತೂಗುತ್ತಿದ್ದ ಅದೇ ಎತ್ತರದಲ್ಲಿ, ಬರೀ ಗಾಳಿಯನ್ನು ಸುತ್ತು ಹಾಕಿದವು. ಒಂದಂತೂ ಕಾಲು ಚಾಚಿ ಕೂರಲು ಹೋಗಿ, ಕೂರಲು ಏನೂ ಇಲ್ಲದೆ, ಮತ್ತೆ ಮೇಲಕ್ಕೆದ್ದಿತು. ಎರಡು ದಿನ ಹಾಗೇ ಸುತ್ತಿದವು. ಅಕ್ಕ ಎರಡು ದಿನವೂ ವರಾಂಡದಿಂದ ಏಳಲಿಲ್ಲ. ಮೂರನೆಯ ದಿನ ಹಕ್ಕಿಗಳು ಕೆರೆಯ ಆಚೆ ತಮ್ಮ ಬುರುಡೆಗಳನ್ನು ಕಂಡುಕೊಂಡವು.

ಅಕ್ಕ ಆತುರದಲ್ಲಿ ಹೊಸ ಕಂಬ ನೆಟ್ಟಳು, ಮನೆಯಲ್ಲಿ ಉಳಿದಿದ್ದ ಎಂಟು ಬುರುಡೆ ಕಟ್ಟಿದಳು. ಗುಬ್ಬಿಗಳು ಬಂದು ಹುಲ್ಲು ತುಂಬಿದವು. ಮಾರ್ಟಿನ್ ಒಂದೂ ತಿರುಗಿ ನೋಡಲಿಲ್ಲ. ಆಚೆ ದಡದಲ್ಲಿ ಇಪ್ಪತ್ತು ಜೋಡಿ ಕಿಚಿಗುಟ್ಟುವುದು ಗಾಳಿ ಈ ಕಡೆ ಬೀಸಿದಾಗ ಕೇಳಿಸುತ್ತಿತ್ತು.

ಹೋರೇಸ್ ತನ್ನ ಟಪಾಲು ಪೆಟ್ಟಿಗೆಗೆ ಒರಗಿಕೊಂಡು ನನಗೆ ಹೇಳಿದ, "ಅವಳಿಗೆ ಹೇಳಪ್ಪ ಓಬಿ. ಹಕ್ಕಿಗೂ ಗೊತ್ತು, ಯಜಮಾನ ಯಾರು ಅಂತ."

ನಾನು ಹೇಳಬಾರದಿತ್ತು. ಹೇಳಿದೆ. ಅಕ್ಕ ಕೈಯಲ್ಲಿದ್ದ ಬಟಾಣಿ ಸುಲಿಯುವುದನ್ನು ನಿಲ್ಲಿಸಲಿಲ್ಲ.

"ಅವನ ಮೇಲಿನ ಆಕಾಶ ಖಾಲಿ ಆಗ್ಬೇಕು," ಅಂದಳು. "ಒಂದೇ ಸಲ ಅಲ್ಲ. ವರ್ಷ ವರ್ಷ, ಸ್ವಲ್ಪ ಸ್ವಲ್ಪ. ಅವನು ಕುರ್ಚಿ ಹಾಕ್ಕೊಂಡು ಕೂತು ನೋಡ್ಬೇಕು."

"ಅವನ ಕಂಬಕ್ಕೆ ತಗಡು ಇಲ್ಲವಲ್ಲ ಅಕ್ಕ."

"ಗೊತ್ತು," ಅಂದಳು.

ನನ್ನ ದಾರಿಯ ಇನ್ನೊಂದು ತುದಿಯಲ್ಲಿ ಯೂನಿಸ್ ಅಂತ ಒಬ್ಬ ಹಳೇ ಟೀಚರಮ್ಮ ಇದ್ದರು, ಎಂಬತ್ತನಾಲ್ಕು ವಯಸ್ಸು. ಚಿಕ್ಕಂದಿನಲ್ಲಿ ಅವರ ಮನೆಯಲ್ಲೂ ಮಾರ್ಟಿನ್ ಇದ್ದವಂತೆ. ನಲವತ್ತು ವರ್ಷ ಯಾವ ಹಕ್ಕಿ ಯಾವ ದಿನ ಬಂತು ಅಂತ ಕ್ಯಾಲೆಂಡರಿನ ಹಿಂಬದಿಗೆ ಬರೆದಿಟ್ಟಿದ್ದರು. ಆ ಅಕ್ಟೋಬರಿನಲ್ಲಿ ಒಂದು ಭಾನುವಾರ ಅಕ್ಕನನ್ನು ಕಾರಿನಲ್ಲಿ ಕೂರಿಸಿಕೊಂಡು ಅಲ್ಲಿಗೆ ಹೋದೆ.

ಟೀಚರಮ್ಮ ಎಲ್ಲ ಕೇಳಿ ಮೊದಲು ಬೈದರು. "ಫೆಬ್ರವರಿಯಲ್ಲಿ ಬಾಗಿಲು ತೆರೆದಿಟ್ಟು ಕೂತ್ರೆ ಗುಬ್ಬಿ ಬರದೆ ಇನ್ನೇನು ಬರುತ್ತೆ? ಮೊದಲು ಬರೋವು ಹಳೇ ಹಕ್ಕಿ. ಹೋದ ವರ್ಷ ಎಲ್ಲಿ ಮರಿ ಮಾಡಿದ್ವೋ ಅಲ್ಲಿಗೇ ಹೋಗ್ತವೆ. ನೀನು ಚಿನ್ನದ ಬುರುಡೆ ಕಟ್ಟಿದ್ರೂ ಬರಲ್ಲ."

"ಹಾಗಾದ್ರೆ ನನಗೆ ಬರೋದು ಯಾವುದು ಟೀಚರಮ್ಮ?"

"ವರ್ಷದ ಮರಿ. ಹೋದ ಬೇಸಿಗೆಯಲ್ಲಿ ಹುಟ್ಟಿದ್ದು. ಅದಕ್ಕೆ ಇನ್ನೂ ಮನೆ ಇಲ್ಲ, ಹುಡುಕ್ಕೊಂಡು ಬರುತ್ತೆ. ಹುಟ್ಟಿದ ಕಂಬಕ್ಕೆ ವಾಪಸ್ ಹೋಗಬೇಕು ಅನ್ನೋ ಹಟಾನೂ ಇಲ್ಲ, ಅಪ್ಪ ಅಮ್ಮನ ಗಲಾಟೆ ಇಲ್ಲದ ಜಾಗ ಸಿಕ್ಕಿದ್ರೆ ಸಾಕು. ಆದ್ರೆ ತಡ. ಹಳೇವು ಬಂದ ಐದಾರು ವಾರ ಆದ್ಮೇಲೆ. ಅಲ್ಲೀತನಕ ತೂತು ಮುಚ್ಚಿಟ್ಟಿರು. ಮೊದಲನೇ ಮರಿ ಕಂಡ ದಿನ ಬಿಚ್ಚು. ಒಂದು ವಾರ ಮೊದಲು ಬಿಚ್ಚಿದ್ರೆ ಗುಬ್ಬಿ, ಒಂದು ವಾರ ತಡ ಆದ್ರೆ ಅವು ಮುಂದಕ್ಕೆ ಹೊರಟುಹೋಗ್ತವೆ."

"ಮರಿ ಅಂತ ಹೇಗೆ ಗೊತ್ತಾಗುತ್ತೆ? ಅಷ್ಟೊತ್ತಿಗೆ ದೊಡ್ಡದಾಗೇ ಇರುತ್ತಲ್ಲ?"

ಟೀಚರಮ್ಮ ತಮ್ಮ ಕುತ್ತಿಗೆ ಮುಟ್ಟಿ ತೋರಿಸಿದರು. "ಹಳೇ ಗಂಡು ತಲೆಯಿಂದ ಬಾಲದವರೆಗೂ ಕಪ್ಪು ನೇರಳೆ. ವರ್ಷದ ಗಂಡು ನೋಡೋಕೆ ಹೆಣ್ಣಿನ ಹಾಗೇ, ಬೂದು ಎದೆ. ಆದ್ರೆ ಇಲ್ಲಿ, ಗಂಟಲ ಹತ್ರ, ಎದೆ ಮೇಲೆ, ಶಾಯಿ ಸಿಡಿದ ಹಾಗೆ ಒಂದೋ ಎರಡೋ ಕಪ್ಪು ಗರಿ ಇರುತ್ತೆ. ವರ್ಷದ ಹೆಣ್ಣು ಇನ್ನೂ ಪೇಲವ; ಬೆನ್ನು ಕಂದು, ಹೊಟ್ಟೆ ಬಾಲದ ಬುಡದವರೆಗೂ ಬೆಳ್ಳಗೆ. ಮೊದಲ ಸಲ ಎಲ್ಲರೂ ಮೋಸ ಹೋಗ್ತಾರೆ. ಗಂಡನ್ನೇ ಹೆಣ್ಣು ಅಂದ್ಕೊಳ್ತಾರೆ."

ವಾಪಸ್ ಬರುವಾಗ ಅಕ್ಕ ಕಿಟಕಿಯ ಆಚೆ ನೋಡುತ್ತಲೇ ಇದ್ದಳು. ಮನೆ ಹತ್ತಿರ ಬಂದಾಗ ಹೇಳಿದಳು, "ಮುದಿಯವು ಅವನಿಗಿರ್ಲಿ. ನಾನು ಮಕ್ಕಳನ್ನ ತಗೋತೀನಿ. ಮಕ್ಕಳು ಬರದ ಮನೆ ಎಷ್ಟು ದಿನ ನಿಲ್ಲುತ್ತೆ?"

ಆ ಚಳಿಗಾಲ ಹದಿನೆಂಟು ಬುರುಡೆ ತಯಾರಾದವು. ಬೇಸಿಗೆಯಲ್ಲಿ ಅವಳು ಬೇಲಿಗೆ ಹಬ್ಬಿಸಿದ್ದ ಬಳ್ಳಿಯವೇ, ಅಪ್ಪ ಇಟ್ಟುಹೋದ ಬೀಜದ್ದು. ಕಂಬಕ್ಕೆ ರಾಟೆ ಹಗ್ಗ ಹಾಕಿ, ತಗಡು ಸುತ್ತಿ, ಗ್ರೀಸ್ ಹಚ್ಚಿ, ಪ್ರತಿ ತೂತಿಗೂ ಮೆಕ್ಕೆಜೋಳದ ದಿಂಡು ಜಡಿದಳು. ಫೆಬ್ರವರಿಯಲ್ಲಿ ಹಳೇ ಹಕ್ಕಿ ಬಂದು ನೇರ ಹೋರೇಸನ ಕಡೆ ಹೋದವು. ಅವಳು ತಲೆಯೆತ್ತಿ ಕೂಡ ನೋಡಲಿಲ್ಲ. ಚರ್ಚಿನಲ್ಲಿ ಹೆಂಗಸರು ನಕ್ಕರು: "ಏನಕ್ಕ, ಬೋರ್ಡು ಹಾಕಿ ಬಾಗಿಲಿಗೆ ಬೀಗ ಹಾಕಿದ ಹೋಟೆಲ್ಲಾ ನಿಂದು?"

"ನನ್ನ ಗಿರಾಕಿ ಇನ್ನೂ ಬಸ್ಸು ಹತ್ತಿಲ್ಲ," ಅಂದಳು ಅಕ್ಕ.

ಮಾರ್ಚ್ ಇಪ್ಪತ್ತನಾಲ್ಕು, ಮಂಗಳವಾರ, ಬೆಳಿಗ್ಗೆ ಹತ್ತೂವರೆ ಇರಬಹುದು. ನನ್ನ ಕಾರು ಕಂಡ ಕೂಡಲೇ ಅವಳು ವರಾಂಡದಿಂದ ಕೈ ಬೀಸಿದಳು. ಬಾಯಿ ಬಿಡಲಿಲ್ಲ, ಬೆರಳು ಮಾತ್ರ ಮೇಲಕ್ಕೆ. ಅಡ್ಡಪಟ್ಟಿಯ ತುದಿಯಲ್ಲಿ ಒಂದು ಬೂದು ಹಕ್ಕಿ ಕೂತಿತ್ತು.

"ಹೆಣ್ಣು ಅಲ್ವಾ ಅಕ್ಕ?" ಅಂದೆ ಪಿಸುಗುಟ್ಟಿ.

ದುರ್ಬೀನು ನನ್ನ ಕೈಗೆ ತುರುಕಿದಳು. "ಗಂಟಲು ನೋಡು."

ನೋಡಿದೆ. ಗದ್ದದ ಕೆಳಗೆ ಒಂದು, ಎದೆಯ ಎಡಕ್ಕೆ ಎರಡು ಕಪ್ಪು ಗರಿ, ಬಿಸಿಲಿಗೆ ನೇರಳೆ ಹೊಳೆಯುತ್ತಿತ್ತು. ಹಕ್ಕಿ ಬಾಯಿ ತೆಗೆದು ಹಾಡಲು ಹೋಯಿತು. ಗಂಟಲು ಒಡೆದ ಹುಡುಗನ ಹಾಗೆ ಕರಕರ ಅಂದು ನಿಲ್ಲಿಸಿತು.

ಅಕ್ಕನಿಗೆ ಆಗ ಐವತ್ತೊಂಬತ್ತು. ಹಗ್ಗ ಬಿಚ್ಚಿ ಕಂಬದ ಪಟ್ಟಿಯನ್ನು ಕೆಳಗಿಳಿಸಿ, ಹಕ್ಕಿ ಹಾರಿ ದೂರದ ತಂತಿಯ ಮೇಲೆ ಕೂತು ನೋಡುತ್ತಿರುವಾಗಲೇ, ಒಂದೊಂದೇ ದಿಂಡು ಕಿತ್ತು ಬಕೆಟ್ಟಿಗೆ ಹಾಕಿದಳು. ಬಾಯಲ್ಲಿ ಜಪದ ಹಾಗೆ ಒಂದೇ ಮಾತು: "ಬಾ ಮಗನೇ. ನಿಮ್ಮಪ್ಪ ಅಲ್ಲೇ ಇರ್ಲಿ. ನೀನು ಬಾ."

ಬಂತು. ವಾರದೊಳಗೆ ಒಂದು ಬಿಳಿ ಹೊಟ್ಟೆಯ ಹೆಣ್ಣನ್ನೂ ಕರೆತಂದಿತು. ಮೇ ತಿಂಗಳ ಹೊತ್ತಿಗೆ ಐದು ಜೋಡಿ, ಎಲ್ಲವೂ ವರ್ಷದ ಮರಿಗಳೇ. ಮಿಕ್ಕ ಬುರುಡೆಗಳಿಗೆ ಮತ್ತೆ ದಿಂಡು ಜಡಿದಳು.

ಹೋರೇಸ್ ರಸ್ತೆಯಲ್ಲಿ ನಿಂತು ನೋಡಿಕೊಂಡು ಹೋಗಿದ್ದನಂತೆ. ನನ್ನನ್ನು ತಡೆದು ಹೊಟ್ಟೆ ಹಿಡಿದುಕೊಂಡು ನಕ್ಕ. "ಬರೀ ಹೆಣ್ಣುಗಳೇ ಕಣೋ! ಒಂದೂ ಗಂಡಿಲ್ಲ! ಗಂಡಸು ನಿಲ್ಲದ ಮನೆ ಅಂತ ಹಕ್ಕಿಗೂ ತಿಳಿದುಹೋಗಿದೆ."

ಇದನ್ನೂ ಅಕ್ಕನಿಗೆ ಮುಟ್ಟಿಸಿದೆ. ಅವಳ ಮುಖದಲ್ಲಿ ನಾನು ಮೊದಲ ಸಲ ಒಂದು ಥರದ ಸಂತೋಷ ನೋಡಿದೆ, ಒಳ್ಳೆಯ ಥರದ್ದಲ್ಲ. "ಮೂವತ್ತೊಂದು ವರ್ಷ ಈ ಕಂಬದ ಕೆಳಗೆ ಕೂತಿದ್ದ," ಅಂದಳು. "ಒಂದು ಸಲ ಮೇಲೆ ನೋಡ್ಲಿಲ್ಲ. ಅವನ ಕಂಬದ ಮಕ್ಕಳೇ ಇಲ್ಲಿ ಸಂಸಾರ ಹೂಡಿರೋದು ಅವನಿಗೆ ಗೊತ್ತಾಗ್ತಿಲ್ಲ."

ಮೇ ಕೊನೆಯ ವಾರ ನಾನು ಅವಳ ಮೆಟ್ಟಿಲ ಮೇಲೆ ಕೂತು ಸಿಹಿ ಚಹಾ ಕುಡಿಯುತ್ತಿದ್ದಾಗ ವರ್ನೀಸ್ ನಡೆದುಕೊಂಡು ಬಂದಳು. ಸಣ್ಣ ಮೈಕಟ್ಟಿನ ಹೆಂಗಸು, ನಲವತ್ತೈದರ ಸುಮಾರು. ಗೇಟಿನ ಒಳಗೆ ಬರಲಿಲ್ಲ.

"ಅರ್ಡೆಲಿಯಾ ಅಕ್ಕ, ನಿಮಗೆ ನನ್ನ ಮುಖ ನೋಡೋಕೆ ಇಷ್ಟ ಇಲ್ಲ ಅಂತ ಗೊತ್ತು. ಹಕ್ಕಿ ವಿಷಯ. ದಿನಾ ಒಂದೊಂದು ಬುರುಡೆ ಖಾಲಿ ಆಗ್ತಿದೆ. ನಿನ್ನೆ ನಾಲ್ಕು ಮರಿ ಇತ್ತು, ಇವತ್ತು ಒಂದು ಗರಿ ಕೂಡ ಇಲ್ಲ. ಹೋರೇಸ್ ಗೂಬೆ ಅಂತಾನೆ. ನೀವು ಇಷ್ಟು ವರ್ಷ ಏನ್ ಮಾಡ್ತಿದ್ರಿ, ಹೇಳ್ತೀರಾ?"

ಅಕ್ಕ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಏನೂ ಮಾಡ್ತಿರಲಿಲ್ಲಮ್ಮ," ಅಂದಳು, ಜೇನಿನಂಥ ದನಿಯಲ್ಲಿ. "ಹಕ್ಕಿ ತಾನಾಗೇ ಬದುಕ್ಕೊಳ್ಳುತ್ತೆ. ಯಜಮಾನ ಇದ್ದಾನಲ್ಲ, ಅವನನ್ನೇ ಕೇಳು."

ವರ್ನೀಸ್ ನನ್ನ ಕಡೆ ನೋಡಿದಳು. ನಾನು ಚಹಾದ ಲೋಟದ ತಳ ನೋಡಿದೆ. ಅವಳು ಹೋದಳು.

"ಕೇರೆಹಾವು," ಅಂದೆ ನಾನು.

"ಹೌದು."

"ಒಂದು ಮಾತು ಹೇಳ್ಬಹುದಿತ್ತು ಅಕ್ಕ."

"ನಿನಗೂ ಬಾಯಿದೆ. ನಾಳೆ ಅವಳ ಪೆಟ್ಟಿಗೆ ಹತ್ರ ನಿಲ್ತೀಯಲ್ಲ, ಹೇಳು. ನಾನು ತಡೀತಿಲ್ಲ."

ಮಾರನೇ ದಿನ ಆ ಪೆಟ್ಟಿಗೆಯ ಹತ್ತಿರ ನಿಂತೆ. ಹೋರೇಸ್ ಕುರ್ಚಿಯಲ್ಲಿ ಕೂತು ಮೇಲೆ ನೋಡುತ್ತಿದ್ದ, ಬಾಯಿ ಸ್ವಲ್ಪ ತೆರೆದಿತ್ತು. ಒಂದು ಮಾತು ಸಾಕಾಗಿತ್ತು. ನಾನು ಬೀಜದ ಕ್ಯಾಟಲಾಗು ತುರುಕಿ, ಕಾರು ಹೊರಡಿಸಿದೆ. ಅವನು ಹಾಗೆ ಕೂತಿದ್ದು ನೋಡಿ ನನಗೂ ಒಳಗೊಳಗೆ ಹಿತವಾಗಿತ್ತು. ಇದನ್ನು ಇವತ್ತಿನವರೆಗೂ ನಾನು ಯಾರಿಗೂ ಹೇಳಿರಲಿಲ್ಲ.

ಎರಡು ವಾರದಲ್ಲಿ ಹೋರೇಸ್ ಹಾವನ್ನು ಕಂಡ, ಬುರುಡೆಯೊಳಗೇ, ಹೊಟ್ಟೆ ಉಬ್ಬಿ ಹೊರಗೆ ಬರಲಾರದೆ ಸಿಕ್ಕಿಕೊಂಡಿದ್ದಾಗ. ಬಂದೂಕು ತಂದು ಬುರುಡೆ ಸಮೇತ ಹೊಡೆದ. ಅಷ್ಟರಲ್ಲಿ ಉಳಿದಿದ್ದು ಎರಡೇ ಗೂಡು. ಹಳೇ ಹಕ್ಕಿಗಳು ಗುಂಪಾಗಿ ಮೇಲೆದ್ದು, ಚೀರುತ್ತ ದಕ್ಷಿಣಕ್ಕೆ ಹೋದವು. ಜೂನ್ ಮುಗಿಯುವುದರೊಳಗೆ ಅವನ ಮೇಲಿನ ಆಕಾಶ ಖಾಲಿ. ಅಕ್ಕನ ಅಂಗಳದಿಂದ ಇಪ್ಪತ್ತೆರಡು ಮರಿ ಹಾರಿದವು.

"ಹೊಟ್ಟೆ ತುಂಬಿತಾ ಅಕ್ಕ?" ಅಂತ ಕೇಳಿದೆ.

"ಅರ್ಧ," ಅಂದಳು.

ಮುಂದಿನ ಫೆಬ್ರವರಿಯಲ್ಲಿ ಅವಳ ಐದು ಜೋಡಿ ನೇರ ಅವಳ ಕಂಬಕ್ಕೇ ಬಂದವು. ಕಳೆದ ವರ್ಷ ಶಾಯಿ ಸಿಡಿದಂತಿದ್ದ ಗಂಡುಗಳು ಈಗ ಪೂರ್ತಿ ನೇರಳೆ. ಹೋರೇಸನ ಕಂಬಕ್ಕೂ ಆರು ಜೋಡಿ ಬಂದವು. ಮಿಕ್ಕವು ಹಾವಿನ ಜಾಗ ಅಂತ ಬೇರೆಲ್ಲಿಗೋ ಹೋದವು. ಅವನ ಖಾಲಿ ಬುರುಡೆಗಳನ್ನು ಗುಬ್ಬಿ ಹಿಡಿದವು. ಕಿತ್ತುಹಾಕುವ ತಾಳ್ಮೆ ಅವನಿಗಿರಲಿಲ್ಲ.

ಅಕ್ಕ ಉಳಿದ ಹದಿಮೂರು ಬುರುಡೆಗಳಿಗೆ ದಿಂಡು ಜಡಿದು ಮಾರ್ಚ್ ಕೊನೆಗೆ ಕಾದು ಕೂತಳು. ಇಪ್ಪತ್ತನಾಲ್ಕು ಬಂತು, ಮರಿ ಬರಲಿಲ್ಲ. ಮೂವತ್ತೊಂದು ಬಂತು. ಏಪ್ರಿಲ್ ಹನ್ನೆರಡಕ್ಕೆ ಒಂದು ಬಿಳಿ ಹೊಟ್ಟೆಯ ಹೆಣ್ಣು ಬಂದು, ಜೊತೆ ಸಿಗದೆ ನಾಲ್ಕು ದಿನ ಒಂಟಿಯಾಗಿ ಕೂತು ಹೋಯಿತು. ತಿಂಗಳ ಕೊನೆಗೆ ಒಂದೇ ಒಂದು ಜೋಡಿ. ಪ್ರತಿದಿನ ನಾನು ಕಾರು ನಿಲ್ಲಿಸಿದಾಗಲೂ ಅವಳು ದುರ್ಬೀನು ಇಳಿಸದೆ ತಲೆ ಅಲ್ಲಾಡಿಸುತ್ತಿದ್ದಳು.

ಮೇ ಮೊದಲ ವಾರ ದುರ್ಬೀನು ಮಡಿಲಲ್ಲಿತ್ತು. ಕಣ್ಣು ಕೆಂಪಗಿತ್ತು.

"ಹಗಲೆಲ್ಲ ಲೆಕ್ಕ ಹಾಕ್ತಿದ್ದೆ ಓಬಿ. ಹೋದ ವರ್ಷ ಅವನ ಹತ್ರ ಇಪ್ಪತ್ತು ಗೂಡು. ಎಂಬತ್ತು ಮರಿ ಆಗ್ಬೇಕಿತ್ತು. ಈ ವರ್ಷ ಇಲ್ಲಿಗೆ ಬರ್ಬೇಕಾಗಿದ್ದವು ಅವೇ. ನನ್ನವೇ." ಖಾಲಿ ಬುರುಡೆಗಳ ಕಡೆ ನೋಡಿದಳು. "ಗೇಟಿನ ಹತ್ರ ನಿಂತು ಅವಳು ಕೇಳಿದ್ಲು. ನಾನು ನನ್ನ ಮಕ್ಕಳನ್ನ ಹಾವಿನ ಬಾಯಿಗೆ ಹಾಕಿದೆ."

ಆ ದಿನ ಮೆಟ್ಟಿಲ ಮೇಲೆ ನಾನೂ ಇದ್ದೆನಲ್ಲ.

ಅವಳು ಎದ್ದು ಕೊಟ್ಟಿಗೆಗೆ ಹೋದಳು. ಒಂದು ಹೊಸ ತಗಡಿನ ಹಾಳೆ, ಗ್ರೀಸಿನ ಡಬ್ಬ, ಕಟ್ಟುವ ತಂತಿ ತಂದು ನನ್ನ ಕಾರಿನ ಹಿಂದಿನ ಸೀಟಿನಲ್ಲಿ, ಜನರ ಟಪಾಲಿನ ಮೇಲೇ ಇಟ್ಟಳು. "ನಡಿ," ಅಂದಳು. ಸರ್ಕಾರಿ ಕೆಲಸದಲ್ಲಿ ಯಾರನ್ನೂ ಕೂರಿಸಿಕೊಳ್ಳುವಂತಿಲ್ಲ. ಕೂರಿಸಿಕೊಂಡು ಹೋದೆ.

ಹೋರೇಸ್ ಕುರ್ಚಿಯಿಂದ ಅರ್ಧ ಎದ್ದ. ಅಕ್ಕ ಅವನ ಕಡೆ ನೋಡದೆ ಕಂಬದ ಬುಡಕ್ಕೆ ಹೋಗಿ ತಗಡು ಸುತ್ತಲು ಶುರು ಮಾಡಿದಳು. ನಾನು ಹಿಡಿದುಕೊಂಡೆ.

"ಏನಿದು?" ಅಂದ ಹೋರೇಸ್.

"ತಗಡು. ಹಾವು ಜಾರುತ್ತೆ."

"ಇದು... ಮೊದಲಿಂದ ಇತ್ತಾ?"

"ಮೂವತ್ತೊಂದು ವರ್ಷದಿಂದ. ಫೆಬ್ರವರಿ ಚಳಿಯಲ್ಲಿ ನಾನು ಮೊಣಕೈವರೆಗೆ ಗ್ರೀಸ್ ಬಳ್ಕೊಂಡು ನಿಂತಿರ್ತಿದ್ದೆ. ನೀನು ಒಳಗೆ ಟಿವಿ ಮುಂದೆ ಇರ್ತಿದ್ದೆ."

ವರ್ನೀಸ್ ಅಡುಗೆಮನೆಯ ಬಾಗಿಲಿಗೆ ಬಂದಿದ್ದಳು. "ನಾನು ಕೇಳಿದ್ನಲ್ಲ ಅಕ್ಕ."

"ಕೇಳಿದ್ದೆ."

"ಏನೂ ಇಲ್ಲ ಅಂದ್ರಿ."

"ಅಂದೆ. ತಪ್ಪು ಮಾಡಿದೆ. ನಿನಗಲ್ಲ, ಅವುಕ್ಕೆ." ಮೇಲೆ ತೋರಿಸಿದಳು. ಆಮೇಲೆ ತಂತಿ ತಿರುಚಿ ಮುಗಿಸಿ, ಕೈ ಒರೆಸಿಕೊಂಡು, ಮೊದಲ ಸಲ ಹೋರೇಸನ ಮುಖ ನೋಡಿದಳು.

"ಇದು ನಿನಗೆ ಉಪಕಾರ ಅಂದ್ಕೋಬೇಡ. ಆರು ಜೋಡಿ ಮುದಿಹಕ್ಕಿ ಉಳಿದಿವೆ ನಿನ್ನ ಹತ್ರ. ಚೆನ್ನಾಗಿ ಸಾಕು. ಮರಿ ಹಾರಿಸು. ಬರೋ ವರ್ಷ ಮಾರ್ಚ್ ಕೊನೆಗೆ ಆ ಮರಿಗಳು ನನ್ನ ಹತ್ರ ಬರ್ತವೆ. ಅದರ ಮುಂದಿನ ವರ್ಷಾನೂ. ನಿನ್ನ ಮುದಿಯವು ಒಂದೊಂದೇ ಸಾಯ್ತವೆ, ಹೊಸದು ಬರಲ್ಲ. ಹೋದ ವರ್ಷ ನೀನು ಹೆಣ್ಣು ಅಂತ ನಕ್ಕಿದ್ಯಲ್ಲ, ಅವು ನಿನ್ನ ಕಂಬದಲ್ಲಿ ಹುಟ್ಟಿದ ಗಂಡುಗಳು. ನೀನು ಸಾಕ್ತಿರೋದು ನನಗೋಸ್ಕರ."

"ಕಂಬಾನೇ ಕಡಿದು ಹಾಕ್ತೀನಿ," ಅಂದ ಹೋರೇಸ್.

"ಕಡಿ. ಆ ಆರು ಜೋಡಿಗೂ ಹತ್ತಿರದ ಮನೆ ನಂದೇ."

ಅವನು ವರ್ನೀಸಳ ಕಡೆ ನೋಡಿದ. ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅವನು ಕಂಬ ಕಡಿಯಲಿಲ್ಲ. ಆ ಬೇಸಿಗೆ ಅವನ ಆರು ಗೂಡಿನಿಂದಲೂ ಮರಿ ಹಾರಿದವು. ಮುಂದಿನ ವರ್ಷ ಮಾರ್ಚ್ ಇಪ್ಪತ್ತೊಂದಕ್ಕೆ, ಮೊದಲನೇ ಮರಿ ಬಂದ ವರ್ಷಕ್ಕಿಂತ ಮೂರು ದಿನ ಮೊದಲು, ಗಂಟಲಿಗೆ ಕಪ್ಪು ಚುಕ್ಕೆಯ ಗಂಡೊಂದು ಅಕ್ಕನ ಪಟ್ಟಿಯ ಮೇಲೆ ಕೂತಿತು. ಮೇ ಹೊತ್ತಿಗೆ ಅವಳ ಹತ್ತಿರ ಹದಿನಾಲ್ಕು ಜೋಡಿ. ಹೋರೇಸನ ಹತ್ತಿರ ನಾಲ್ಕು, ಅದರ ಮುಂದಿನ ವರ್ಷ ಮೂರು. ಅವನು ದಿನವೂ ಕುರ್ಚಿ ಹಾಕಿಕೊಂಡು ಕೂರುತ್ತಿದ್ದ. ಸಂಜೆ ಹಕ್ಕಿಗಳು ಕೆರೆಯ ಮೇಲೆ ಒಟ್ಟಿಗೆ ಆಡಿ, ಆಮೇಲೆ ಎರಡಾಗಿ ಸೀಳಿ, ದೊಡ್ಡ ಗುಂಪು ಈ ಕಡೆ ಬರುವುದನ್ನು ಅವನು ನೋಡುತ್ತಿದ್ದ. ನನ್ನ ಹತ್ತಿರ ತಮಾಷೆ ಮಾಡುವುದನ್ನು ಬಿಟ್ಟಿದ್ದ. ಒಂದು ಸಲ ಮಾತ್ರ, "ಅಲ್ಲಿ ಎಷ್ಟಾದವು?" ಅಂತ ಕೇಳಿದ. ಇದ್ದದ್ದು ಇದ್ದ ಹಾಗೆ ಹೇಳಿದೆ. ಅವನು ತಲೆಯಾಡಿಸಿ ಟಪಾಲು ತೆಗೆದುಕೊಳ್ಳುವುದನ್ನೇ ಮರೆತು ಒಳಗೆ ಹೋದ.

ಅವನ ಹತ್ತಿರ ಮೂರೇ ಜೋಡಿ ಉಳಿದ ಆ ವರ್ಷ ಏಪ್ರಿಲಿನಲ್ಲಿ ಒಂದು ದಿನ ವರ್ನೀಸ್ ರಸ್ತೆಗೆ ಬಂದು ನನ್ನ ಕೈಗೆ ಒಂದು ಕಾಗದದ ಚೀಲ ಕೊಟ್ಟಳು. ಹಗುರವಾಗಿತ್ತು. ಒಲೆಯಲ್ಲಿ ಒಣಗಿಸಿ ಪುಡಿ ಮಾಡಿದ ಮೊಟ್ಟೆಯ ಚಿಪ್ಪು. ಮೊಟ್ಟೆಯಿಡುವ ಹೆಣ್ಣುಗಳು ಅದನ್ನು ಆಸೆಯಿಂದ ತಿನ್ನುತ್ತವೆ. "ಅಕ್ಕನಿಗೆ ಕೊಡಿ. ಅಲ್ಲಿ ಜಾಸ್ತಿ ಹೆಣ್ಣಿವೆಯಲ್ಲ," ಅಂದಳು.

ಅಕ್ಕ ಚೀಲ ಬಿಚ್ಚಿ ನೋಡಿ ಕೇಳಿದಳು, "ಯಾರು?"

"ವರ್ನೀಸ್."

"ಅವನಿಗೆ ಗೊತ್ತಾ?"

"ಇಲ್ಲ ಅನ್ಸುತ್ತೆ."

ಅಕ್ಕ ನಕ್ಕಳು. ತಲೆ ಹಿಂದಕ್ಕೆಸೆದು, ಕೈಯಲ್ಲಿದ್ದ ಚೀಲ ಅಲುಗಾಡುವಷ್ಟು ನಕ್ಕಳು. ಅವಳು ಹಾಗೆ ನಕ್ಕಿದ್ದನ್ನು ನಾನು ನಾಲ್ಕು ವರ್ಷದಿಂದ ನೋಡಿರಲಿಲ್ಲ. ಆಮೇಲೆ ಅಂಗಳದ ಬರಿನೆಲದಲ್ಲಿ ಚಿಪ್ಪಿನ ಪುಡಿ ಹರಡಿ, ಹಕ್ಕಿ ಇಳಿಯಲಿ ಅಂತ ನನ್ನ ತೋಳು ಹಿಡಿದು ವರಾಂಡದ ನೆರಳಿಗೆ ಎಳೆದುಕೊಂಡು ಹೋದಳು.